ಬೆಲ್ಟಿನ ಮೇಲೆ ಏಳು ಗುರುತು

14 ನವೆಂಬರ್ 2005, ಸೋಮವಾರ

ಇವತ್ತು ಪಾಳಿ ಪುಸ್ತಕದಲ್ಲಿ ಮೊದಲ ಸಲ ಸಹಿ ಮಾಡಿದೆ. ‘ಬೆಲ್ಟ್ ಸರಿ ಇದೆ’ ಎಂದು ಬರೆದು ಅದರ ಕೆಳಗೆ ನನ್ನ ಹೆಸರು. ಹಿಂದಿನ ಪುಟ ತಿರುವಿದೆ, ಅಲ್ಲೂ ಅದೇ ಸಾಲು. ಅದರ ಹಿಂದಿನದರಲ್ಲೂ ಅದೇ. ಹೋದ ಹಂಗಾಮಿನಲ್ಲಿ ಬೆಲ್ಟು ಹರಿದ ದಿನ ಕೂಡ ಬೆಳಗಿನ ಪಾಳಿಯವರು ಸರಿ ಇದೆ ಎಂದೇ ಬರೆದಿದ್ದಾರೆ.

“ಕಾಕಾ, ಎರಡು ಕಡೆ ಅಂಚು ಸೀಳೇತಿ. ಸರಿ ಐತಿ ಅಂತ ಹ್ಯಾಂಗ ಬರೀಲಿ?” ಎಂದು ಬೆಲ್ಟಿನ ಹಳೆಯ ಕೆಲಸಗಾರ ಲಕ್ಕಪ್ಪ ಕಾಕಾನನ್ನು ಕೇಳಿದೆ.

“ಬೆಲ್ಟ್ ತಿರಗಾಕತ್ತೇತಿ ಇಲ್ಲೋ?”

“ತಿರಗಾಕತ್ತೇತಿ.”

“ಮತ್ತ ಸರಿ ಐತಿ. ಬರಿ.”

ಬರೆದೆ. ಕೈ ಕಚ್ಚಿದಂತಾಯಿತು. ಅದಕ್ಕೇ ಈ ಡೈರಿ ತೆಗೆದೆ. ಗೊಬ್ಬರದ ಅಂಗಡಿಯವರು ಹೋದ ವರ್ಷ ಪುಕ್ಕಟೆ ಕೊಟ್ಟದ್ದು, ಛಾಪಿಸಿದ ವಾರಗಳೆಲ್ಲ ತಪ್ಪು. ಹೊಡೆದು ಹಾಕಿ ಸರಿ ವಾರ ಬರೆಯುತ್ತೇನೆ. ಒಂದು ಕಡೆಯಾದರೂ ಖರೆ ಬರೆಯಬೇಕಲ್ಲ.

ಈ ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಕೆಲಸ ಇಷ್ಟು: ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆಯನ್ನು ಮಿಲ್ಲಿನಿಂದ ಬಾಯ್ಲರಿಗೆ ಹೊತ್ತೊಯ್ಯುವ ಉದ್ದನೆಯ ರಬ್ಬರ್ ಬೆಲ್ಟನ್ನು ನೋಡುತ್ತ ಇರುವುದು. ಎರಡೂವರೆ ನಿಮಿಷಕ್ಕೆ ಒಂದು ಸುತ್ತು. ಎಂಟರಿಂದ ನಾಲ್ಕರ ತನಕ ನೋಡಿದ್ದನ್ನೇ ನೋಡುವುದು. ಸಂಕ್ರಾಂತಿ ತನಕ ತಡೆದುಕೊಳ್ಳುತ್ತೇನೆ. ಆಮೇಲೆ ಕೊಲ್ಲಾಪುರ. ಅಲ್ಲಿ ಲಾರಿ ಕಲಿಯಬಹುದು ಎಂದು ಕೇಳಿದ್ದೇನೆ.

22 ನವೆಂಬರ್, ಮಂಗಳವಾರ

ಇನ್ನು ಐವತ್ತಮೂರು ದಿನ.

ಇವತ್ತು ಮಿಲ್ಲು ಅರ್ಧ ತಾಸು ನಿಂತಿತ್ತು. ಕಾಕಾ ನನ್ನನ್ನು ಬೆಲ್ಟಿನ ಮೇಲೆ ಹತ್ತಿಸಿ ಬಿರುಕು ಹುಡುಕುವುದನ್ನು ತೋರಿಸಿದ. ಅವನ ಎಡಗೈಯಲ್ಲಿ ಎರಡು ಬೆರಳಿಲ್ಲ, ಹಳೆಯ ಬೆಲ್ಟೊಂದು ಹರಿದಾಗ ಹೋದವು. ಉಳಿದ ಅಂಗೈಯನ್ನು ಅಂಚಿನ ಮೇಲೆ ಮೆಲ್ಲಗೆ ಎಳೆಯುತ್ತ ಹೋಗುತ್ತಾನೆ. ಒಂದು ಕಡೆ ನಿಂತು, “ಇಲ್ಲಿ ಕೈ ಇಡು. ಬೆಚ್ಚಗ ಐತಿಲ್ಲೋ?” ಎಂದ. ನನಗೆ ಎಲ್ಲ ಕಡೆ ಒಂದೇ ಥರ ಅನ್ನಿಸಿತು, ಹಾಗೆಯೇ ಹೇಳಿದೆ. “ಸುಳ್ಳಾರ ಹೇಳಬಾರದೇನೋ ಮಗನ, ಹೌದು ಕಾಕಾ ಅಂದ್ರ ನಿನ್ನ ಗಂಟೇನು ಹೋಗತಿತ್ತು” ಎಂದು ನಕ್ಕ.

ಸಂಶಯ ಬಂದ ಕಡೆಯೆಲ್ಲ ಸುಣ್ಣ ಹಚ್ಚಬೇಕು. ಬೆಲ್ಟು ತಿರುಗುವಾಗ ಆ ಗುರುತು ಬಂದಾಗೆಲ್ಲ ಬಿರುಕು ಬೆಳೆದಿದೆಯೋ ಇಲ್ಲವೋ ನೋಡಬೇಕು. ಏಳು ಕಡೆ ಹಚ್ಚಿದೆವು. ಸಿಪ್ಪೆ ಹಸಿಯಾಗಿ, ಬಿಸಿಯಾಗಿ ಬರುತ್ತದೆ, ಸುಣ್ಣ ಎರಡು ದಿನವೂ ನಿಲ್ಲುವುದಿಲ್ಲ. ನಿಂತಾಗೊಮ್ಮೆ ಹತ್ತಿ ಮತ್ತೆ ಹಚ್ಚಬೇಕು.

3 ಡಿಸೆಂಬರ್, ಶನಿವಾರ

ನಾಲ್ಕನೆಯ ಸಲ ಸುಣ್ಣ ಹಚ್ಚಿ ತಲೆ ಕೆಟ್ಟಿತು. ಬಾಯ್ಲರ್ ಪೂಜೆಗೆ ಮುಂಚೆ ಪೈಪುಗಳಿಗೆಲ್ಲ ಹೊಡೆದ ಬೆಳ್ಳಿ ಬಣ್ಣ ಒಂದು ಡಬ್ಬಿ ಉಳಿದಿತ್ತು. ಎರಡು ಸಲ ಮಿಲ್ಲು ನಿಂತ ಹೊತ್ತಿನಲ್ಲಿ ಅದನ್ನೇ ತಂದು ಏಳೂ ಬಿರುಕುಗಳ ಮೇಲೆ, ಗೇಣುದ್ದದ ಬಿರುಕಿಗೆ ಮೊಳಕ್ಕೂ ಹೆಚ್ಚು ಬಳಿದುಬಿಟ್ಟೆ. ಹುಕ್ಕೇರಿಯ ಬಣ್ಣದ ಅಂಗಡಿಯಲ್ಲಿ ಎಂಟು ತಿಂಗಳು ಇದ್ದವನು, ಯಾವುದು ನಿಲ್ಲುತ್ತದೆ ಎಂಬುದು ಗೊತ್ತು. ಬಿಸಿಲು, ನೀರು, ಬಿಸಿ, ಏನೂ ಇದನ್ನು ಅಲುಗಿಸುವುದಿಲ್ಲ. ದೂರದಿಂದಲೂ ಮಿರಮಿರ ಕಾಣುತ್ತದೆ.

ಕಾಕಾನಿಗೆ ಸೇರಲಿಲ್ಲ. “ಸುಣ್ಣಾ ದಿನಾ ಹಚ್ಚಿದ್ರ ದಿನಾ ನೋಡತಿ. ಈಗ ಬಣ್ಣಾ ನೋಡತಿ, ಬಿರುಕು ನೋಡೂದಿಲ್ಲ” ಎಂದ. ಮುದುಕರಿಗೆ ಹೊಸದೇನೂ ಸೇರುವುದಿಲ್ಲ.

ಕೆಳಗೆ ಬಿದ್ದ ಸಿಪ್ಪೆ ಬಳಿಯುವ ಅಲ್ಲವ್ವ ಮಾತ್ರ ಮೆಚ್ಚಿದಳು. “ಬೆಲ್ಟಿಗೂ ಕಾಲುಂಗರಾ ತೊಡಿಸಿದಿ ನೋಡು. ಇನ್ನ ನಿನಗೊಂದು ಹೆಣ್ಣು ಹುಡಕಬೇಕು.”

18 ಡಿಸೆಂಬರ್, ರವಿವಾರ

ನಮ್ಮೂರು ತುಕ್ಕಾನಟ್ಟಿಗೆ ಹೋಗಿದ್ದೆ. ಕಾಯಂ ಮಾಡುವವರ ಪಟ್ಟಿಯಲ್ಲಿ ನನ್ನ ಹೆಸರು ಇದೆ ಎಂದು ಅವ್ವನಿಗೆ ಯಾರೋ ಹೇಳಿದ್ದಾರೆ. ಹಂಗಾಮು ಮುಗಿಯುವ ತನಕ ತಂಟೆ ಮಾಡದೆ ಇದ್ದರೆ ಆಗುತ್ತದಂತೆ. ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

“ಇದೊಂದರಾಗರ ಬಾಯಿ ಮುಚಗೊಂಡು ಇರು ಕಾಶಿ” ಎಂದಳು.

ಅವಳ ಮಾತಿನಲ್ಲಿ ತಪ್ಪಿಲ್ಲ. ಗೋಕಾಕದ ಕರದಂಟಿನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಇದು ಇವತ್ತಿನದೇನು ಎಂದು ಕೇಳಿದರು, ಇಲ್ರಿ ಐದು ದಿನದ್ದು ಎಂದೆ. ಹುಕ್ಕೇರಿಯಲ್ಲಿ ಬಣ್ಣಕ್ಕೆ ಎಷ್ಟು ಟರ್ಪೆಂಟೈನ್ ಕೂಡಿಸಿದ್ದಾರೆ ಎಂದು ಹೇಳಿದೆ. ಮೂಡಲಗಿಯ ಗ್ಯಾರೇಜಿನಿಂದ ಮಾತ್ರ ಯಾರೂ ತೆಗೆಯಲಿಲ್ಲ, ನಾನೇ ಬೇಸತ್ತು ಬಿಟ್ಟೆ. ಸಾಲಿ ಬಿಟ್ಟದ್ದೂ ಹಾಗೆಯೇ. ಹತ್ತನೆಯ ಪರೀಕ್ಷೆಯಲ್ಲಿ ಎಲ್ಲರಿಗೂ ಉತ್ತರದ ಚೀಟಿ ಬಂತು. ನಾನು ಮುಟ್ಟಲಿಲ್ಲ, ವಿಜ್ಞಾನದಲ್ಲಿ ನಪಾಸಾದೆ. ಮತ್ತೆ ಕೂಡ್ರು ಎಂದರು. ಕೂಡ್ರಲಿಲ್ಲ. ಚೀಟಿ ಮುಟ್ಟದೆ ಇದ್ದದ್ದು ದೊಡ್ಡ ಮಾತು ಎಂದು ಅವ್ವ ಈಗಲೂ ಹೇಳಿಕೊಳ್ಳುತ್ತಾಳೆ. ಆದರೆ ಓದಿರಲೂ ಇಲ್ಲ. ಅದನ್ನೂ ಬರೆಯಬೇಕು.

ಇನ್ನು ಇಪ್ಪತ್ತೇಳು ದಿನ. ಅವ್ವನಿಗೆ ಕೊಲ್ಲಾಪುರದ ವಿಷಯ ಹೇಳಲಿಲ್ಲ. ಅವಳು ಕೇಳಲಿಲ್ಲ, ಅದಕ್ಕೆ ಇದು ಸುಳ್ಳಲ್ಲ.

26 ಡಿಸೆಂಬರ್, ಸೋಮವಾರ

ಬೇಸರ. ಬೆಲ್ಟು ತಿರುಗಿತು.

9 ಜನವರಿ 2006, ಸೋಮವಾರ

ನಿಡಸೋಸಿಯ ಕಾಲೇಜಿನಿಂದ ಒಬ್ಬ ಹುಡುಗಿ ಬಂದಿದ್ದಾಳೆ. ಶುಭಾಂಗಿ ಎಂದು ಹೆಸರು, ಇಂಜಿನಿಯರಿಂಗ್ ಕೊನೆಯ ವರ್ಷ. ಕೊಣ್ಣೂರಿನ ಜೈನರ ಮನೆಯವಳಂತೆ. ಪುಣೆಯಿಂದ ಒಂದು ಕ್ಯಾಮೆರಾ ಎರವಲು ತಂದಿದ್ದಾಳೆ. ಅದು ಬೆಳಕಿನ ಚಿತ್ರ ತೆಗೆಯುವುದಿಲ್ಲ, ಬಿಸಿಯ ಚಿತ್ರ ತೆಗೆಯುತ್ತದೆ. ಬೆಚ್ಚಗಿನದು ಬೆಳ್ಳಗೆ, ತಣ್ಣಗಿನದು ಕಪ್ಪಗೆ. ಬಿರುಕು ಬಿಟ್ಟ ಜಾಗ ಬಾಗುವಾಗ ಒಳಗೊಳಗೇ ತಿಕ್ಕಿಕೊಂಡು ಬಿಸಿಯಾಗುತ್ತದೆಯಂತೆ. ಕಣ್ಣಿಗೆ ಕಾಣದ ಬಿರುಕೂ ಅದರಲ್ಲಿ ಕಾಣುತ್ತದೆಯಂತೆ. ಹೋದ ವರ್ಷ ಬೆಲ್ಟು ಹರಿದಿತ್ತಲ್ಲ, ಅದಕ್ಕೇ ಕಾರ್ಖಾನೆಯ ಚೀಫ್ ಇಂಜಿನಿಯರ್ ಸಾಹೇಬರು ಒಪ್ಪಿದ್ದಾರೆ.

ಅಲ್ಲವ್ವ ಅದರ ಮುಂದೆ ನಿಂತು, “ಇದು ಜ್ವರಾ ನೋಡೂ ಡಬ್ಬಿ ಏನ್ರಿ ಬಾಯಾರ? ನಮ್ಮ ಅತ್ತೀನ್ನ ಒಂದೀಟು ನೋಡ್ರಿ, ಹೊಲಕ್ಕ ಹೋಗು ಅಂದ ಕೂಡ್ಲೆ ಜ್ವರಾ ಬರತಾವ” ಎಂದಳು. ಶುಭಾಂಗಿ ನಗುತ್ತ ಅವಳ ಮುಖವನ್ನೇ ತೆಗೆದು ತೋರಿಸಿದಳು. ಮೂಗಿನ ತುದಿ ಕಪ್ಪಗಿತ್ತು. “ಅಯ್ಯ, ನನ್ನ ಮೂಗ ಎಲ್ಲಿ ಹೋತು!”

ಕಾಕಾ ದೂರ ನಿಂತು ನೋಡಿದ.

10 ಜನವರಿ, ಮಂಗಳವಾರ

ಇವತ್ತು ನನ್ನ, ಕಾಕಾನ ಇಬ್ಬರ ಮರ್ಯಾದೆಯೂ ಹೋಯಿತು.

ಶುಭಾಂಗಿ ಇಡೀ ಬೆಲ್ಟನ್ನು ಹತ್ತು ಸುತ್ತು ನೋಡಿದಳು. ನಮ್ಮ ಏಳು ಗುರುತುಗಳ ಹತ್ತಿರ ಬಿಸಿಯೇ ಇಲ್ಲ. ಬಿಸಿ ಹೋಗಲಿ, ಉಳಿದ ಬೆಲ್ಟಿಗಿಂತ ಅವೇ ತಣ್ಣಗೆ, ಕಪ್ಪಗೆ ಕಾಣುತ್ತಿವೆ. ಚೀಫ್ ಸಾಹೇಬರು ಕಾಕಾನ ಮುಂದೆಯೇ ನಕ್ಕರು. “ಲಕ್ಕಪ್ಪ, ಇಪ್ಪತ್ತು ವರ್ಷದಿಂದ ನೀ ಚಲೋ ಬೆಲ್ಟಿಗೆ ಸುಣ್ಣಾ ಹಚ್ಚಿಗೋತ ಬಂದೀಯಲ್ಲೋ.”

ಕಾಕಾ ತನ್ನ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಸುಮ್ಮನೆ, ಏನೋ ಅಂಟಿದಂತೆ. ಊಟದ ಹೊತ್ತಿನಲ್ಲಿ, “ವಯಸ್ಸಾತಪಾ. ಕೈಗೂ ಮುಪ್ಪು ಬರತೈತಿ” ಎಂದ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮೊದಲ ದಿನ ನನಗೇ ಅವನ ಅಂಗೈ ಮೇಲೆ ನಂಬಿಕೆ ಇರಲಿಲ್ಲವಲ್ಲ.

ಕ್ಯಾಮೆರಾ ಶುಕ್ರವಾರ ಮುಂಜಾನೆ ಪುಣೆಗೆ ವಾಪಸು ಹೋಗುತ್ತದೆ.

11 ಜನವರಿ, ಬುಧವಾರ

ಬಲಗೈಯ ಎರಡು ಬೆರಳಿಗೆ ಬೊಬ್ಬೆ ಬಂದಿದೆ. ಅದಕ್ಕೇ ಅಕ್ಷರ ಸೊಟ್ಟ.

ಬೆಳಿಗ್ಗೆ ಕ್ಯಾಮೆರಾದಲ್ಲಿ ನಾನೂ ನೋಡಲೇನು ಎಂದು ಕೇಳಿದೆ. ಶುಭಾಂಗಿ ಕೊಟ್ಟಳು. ಬೆಲ್ಟು ನೋಡಿ ನೋಡಿ ಸಾಕಾಗಿತ್ತು, ಸುಮ್ಮನೆ ಅತ್ತಿತ್ತ ತಿರುಗಿಸಿದೆ. ಚಹಾದ ಕಪ್ಪು, ಕಾಕಾನ ಬೋಳು ತಲೆ. ಆಮೇಲೆ ಮಿಲ್ಲಿಗೆ ಬಿಸಿನೀರು ಒಯ್ಯುವ ಪೈಪು. ಪೈಪು ಮಂಕಾಗಿತ್ತು, ನಡುವೆ ಒಂದು ಕಡೆ ಮಾತ್ರ ಬೆಳ್ಳಗೆ ಉರಿಯುತ್ತಿತ್ತು. ಕ್ಯಾಮೆರಾ ಕೆಳಗಿಟ್ಟು ಬರಿಗಣ್ಣಿನಿಂದ ನೋಡಿದೆ. ಬೆಳ್ಳಗೆ ಕಂಡ ಕಡೆ ಬೆಳ್ಳಿ ಬಣ್ಣ ಎದ್ದು ತುಕ್ಕು ಕಾಣುತ್ತಿತ್ತು. ಉಳಿದ ಕಡೆ ಬಣ್ಣ ಇತ್ತು. ಅಷ್ಟೇ ವ್ಯತ್ಯಾಸ.

ಒಳಗೆ ಒಂದೇ ನೀರು. ತುಕ್ಕಿನ ಮೇಲೆ ಒಂದು ಬೆರಳು, ಬಣ್ಣದ ಮೇಲೆ ಒಂದು ಬೆರಳು ಇಟ್ಟೆ. ಎರಡೂ ಒಂದೇ ಥರ ಸುಟ್ಟವು.

ಬೆಲ್ಟಿನ ಮೇಲೆ ಬಳಿದದ್ದು ಇದೇ ಡಬ್ಬಿಯ ಬಣ್ಣ. ಗುರುತುಗಳು ತಣ್ಣಗಿಲ್ಲ. ಬಣ್ಣ ಬಿಸಿಯನ್ನು ತೋರಿಸಗೊಡುತ್ತಿಲ್ಲ, ಮುಚ್ಚಿಟ್ಟಿದೆ. ಮುಚ್ಚಿದವನು ನಾನು.

ಅಲ್ಲಿಯೇ ಶುಭಾಂಗಿಗೆ ಹೇಳಿದೆ. ಅವಳು ಪೈಪು ನೋಡಿದಳು, ನನ್ನ ಬೆರಳು ನೋಡಿದಳು. ಅವಳ ಮುಖ ಕೆಂಪಾಯಿತು.

“ಏಳೂ ಕಡೆ ನೀವಾ ಹಚ್ಚಿದ್ರಿ? ನಿನ್ನೆ ಯಾಕ ಹೇಳಲಿಲ್ಲ?”

“ನಿನ್ನೆ ನನಗೂ ಗೊತ್ತಿರಲಿಲ್ಲರಿ.”

“ನನ್ನ ವರದಿ ನಿನ್ನೇನ ಸಾಹೇಬ್ರಿಗೆ ಕೊಟ್ಟೇನಿ. ಬೆಲ್ಟ್ ಸರಿ ಐತಿ ಅಂತ ಬರದು ಕೊಟ್ಟೇನಿ!”

ನಾನೂ ಎರಡು ತಿಂಗಳಿಂದ ಅದನ್ನೇ ಬರೆದು ಕೊಡುತ್ತಿದ್ದೇನೆ ಎಂದು ಬಾಯಿಗೆ ಬಂತು. ಅನ್ನಲಿಲ್ಲ.

ಇಬ್ಬರೂ ಚೀಫ್ ಸಾಹೇಬರ ಹತ್ತಿರ ಹೋದೆವು. ಹೊರಗೆ ಕಬ್ಬಿನ ಗಾಡಿಗಳು ರಸ್ತೆಯ ತಿರುವಿನ ತನಕ ನಿಂತಿದ್ದವು. ಅವರು ಕಿಟಕಿಯಿಂದ ಅವನ್ನು ತೋರಿಸಿದರು. “ಮಂದಿ ಎರಡು ದಿನದಿಂದ ಗಾಡಿ ತರಬಿ ಕುಂತಾರ. ಕಬ್ಬು ಒಣಗಾಕತ್ತೇತಿ. ನಿನ್ನೆ ತಣ್ಣಗ ಐತಿ ಅಂದದ್ದು ನಿಮ್ಮ ಮಷೀನ. ಇವತ್ತ ಇಲ್ಲ ಅನ್ನಾಕತ್ತಾಂವ ಇಂವಾ. ಯಾರ ಮಾತು ಕೇಳಿ ಮಿಲ್ಲು ನಿಲ್ಲಸ್ಲಿ? ಇಪ್ಪತ್ತನೇ ತಾರೀಖಿಗೆ ತೊಳಿಯಾಕ ನಿಲ್ಲಸ್ತೇವಿ. ಅವತ್ತ ಒರಸಿ ನೋಡ್ರಿ.” ಅವರ ಮಾತೂ ಸುಳ್ಳಲ್ಲ. ಆದರೆ ಇಪ್ಪತ್ತಕ್ಕೆ ಕ್ಯಾಮೆರಾ ಇರುವುದಿಲ್ಲ.

ಬೆಲ್ಟಿನ ಕೆಳಗೆ ಕೂಡ್ರಬೇಡ ಎಂದು ಅಲ್ಲವ್ವನಿಗೆ ಹೇಳಿದೆ. ಹರಿದರೆ ಮೇಲಿನ ಭಾರವೆಲ್ಲ ಹಿಂದಕ್ಕೆ ಜಾರಿ ಅವಳ ಮೇಲೆಯೇ ಬೀಳುತ್ತದೆ.

“ಕೆಳಗ ಬಿದ್ದದ್ದು ಬಳಿಯಾಕ ಕೆಳಗ ಕುಂಡ್ರಬೇಕಪಾ. ಮ್ಯಾಲ ಕುಂತ್ರ ಪಗಾರ ನೀ ಕೊಡ್ತಿ?”

12 ಜನವರಿ, ಗುರುವಾರ

ಮಿಲ್ಲು ನಿಲ್ಲಿಸುವುದಿಲ್ಲ, ಸರಿ. ಆದರೆ ಕಬ್ಬು ಸಿಕ್ಕಿಕೊಂಡು ತಾನಾಗಿಯೇ ನಿಲ್ಲುತ್ತದೆ. ದಿನಕ್ಕೊಮ್ಮೆ, ಎರಡು ದಿನಕ್ಕೊಮ್ಮೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಎಂಟಕ್ಕೇ ಸೀಮೆಎಣ್ಣೆಯ ಡಬ್ಬಿ, ಗೋಣಿ ಚೂರು ಹಿಡಿದುಕೊಂಡು ಏಣಿಯ ಬುಡಕ್ಕೆ ಕುಳಿತೆ. ಶುಭಾಂಗಿ ಕ್ಯಾಮೆರಾ ಹೂಡಿಕೊಂಡು ಎದುರಿಗೆ ಕುಳಿತಳು.

ಎರಡೂವರೆ ನಿಮಿಷಕ್ಕೆ ಏಳು ಗುರುತು. ಒಂದು, ಎರಡು ಹತ್ತಿರ ಹತ್ತಿರ ಬರುತ್ತವೆ. ಆಮೇಲೆ ಖಾಲಿ. ಮೂರರಿಂದ ಆರರ ತನಕ ಸಾಲಾಗಿ. ಏಳು ಒಂಟಿ. ಐದನೆಯದು ಮೇಲಿನ ರೋಲರಿನ ಮೇಲೆ ಬಾಗುವಾಗ ಬಣ್ಣದ ನಡುವೆ ಕೂದಲಿನಂಥ ಗೆರೆಯೊಂದು ತೆರೆದು ಮುಚ್ಚಿಕೊಳ್ಳುತ್ತದೆ. ಡಿಸೆಂಬರಿನಿಂದ ಈ ಗೆರೆ ಇತ್ತೋ ಏನೋ. ಬಣ್ಣ ಮಿರಮಿರ ಕಂಡಿತು, ಗೆರೆ ಕಂಡಿರಲಿಲ್ಲ. ಹತ್ತಾಯಿತು, ಹನ್ನೆರಡಾಯಿತು. ಊಟಕ್ಕೆ ಎದ್ದರೆ ಆಗಲೇ ನಿಂತೀತು ಎಂದು ಏಳಲಿಲ್ಲ. ಕಾಕಾ ರೊಟ್ಟಿ, ಶೇಂಗಾ ಚಟ್ನಿ ತಂದು ಕೈಗಿಟ್ಟ.

“ಏನೋ, ಇವತ್ತ ನಿನ್ನ ಕುಂಡಿಗೆ ಯಾರಾರ ಅಂಟು ಹಚ್ಯಾರೇನು?” ಎಂದಳು ಅಲ್ಲವ್ವ.

ಎರಡು ನಲವತ್ತಕ್ಕೆ ಗಂಟೆ ಹೊಡೆಯಿತು. ಮಿಲ್ಲು ಕಟ್ಟಿಕೊಂಡಿತ್ತು, ಬೆಲ್ಟು ನಿಂತಿತು.

ಬೆಲ್ಟಿನ ಬಾಜೂಕ್ಕೆ ಉದ್ದಕ್ಕೂ ಒಂದು ದೋರಿ ಕಟ್ಟಿರುತ್ತಾರೆ. ಅದನ್ನು ಜಗ್ಗಿ ಹಿಡಿದರೆ ಅತ್ತ ಯಾರು ಗುಂಡಿ ಒತ್ತಿದರೂ ಬೆಲ್ಟು ಹೊರಡುವುದಿಲ್ಲ. ಕಾಕಾ ಮೂರು ಬೆರಳಿನ ಕೈಗೆ ದೋರಿ ಸುತ್ತಿಕೊಂಡ. “ಹತ್ತು. ನೀ ಇಳಿಯೂ ತನಾ ನಾ ಬಿಡೂದಿಲ್ಲ.”

ಏಳರಲ್ಲಿ ನಾಲ್ಕು ಗುರುತು ಮಾತ್ರ ಕೈಗೆ ಸಿಗುವಂತೆ ನಿಂತಿದ್ದವು, ಮೂರರಿಂದ ಆರು. ಉಳಿದವು ಬೆಲ್ಟಿನ ಕೆಳಮಗ್ಗುಲಿಗೆ ಹೋಗಿದ್ದವು. ತಿಕ್ಕಿದೆ. ನಿಲ್ಲುವ ಬಣ್ಣ ಎಂದು ಹೆಮ್ಮೆ ಪಟ್ಟಿದ್ದೆನಲ್ಲ, ಖರೆ, ನಿಂತಿತ್ತು. ಬೊಬ್ಬೆ ಒಡೆದು ಸೀಮೆಎಣ್ಣೆ ತಾಕಿ ಕಣ್ಣಲ್ಲಿ ನೀರು ಬಂತು. ಆರನೆಯದು ಅರ್ಧ ಉಳಿದಿದ್ದಾಗ ಮತ್ತೆ ಗಂಟೆ ಹೊಡೆಯಿತು. ಆಚೆಯಿಂದ ಕೂಗು, “ಬೆಲ್ಟ್ ಯಾಕ ಹೊಂಡವಲ್ದು? ಯಾರದು ದೋರಿ ಹಿಡದಾವ್ರು?” ಕಾಕಾ ದೋರಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಚೀಫ್ ಸಾಹೇಬರ ದನಿಯೂ ಕೇಳಿಸಿತು. ನಾನು ಆರನೆಯದನ್ನೂ ಮುಗಿಸಿ, ಇಳಿದು ನೆಲಕ್ಕೆ ಕಾಲಿಟ್ಟ ಮೇಲೆಯೇ ಕಾಕಾ ದೋರಿ ಬಿಟ್ಟ. ಅವನ ಕೈ ನೀಲಿಗಟ್ಟಿತ್ತು.

ಸಾಹೇಬರು ಬೈಯುತ್ತಲೇ ಬಂದರು. “ಸೀಮೆಎಣ್ಣಿ ಆರೂ ತನಾ ತಣ್ಣಗ ಕಾಣತೈತ್ರಿ, ಅರ್ಧ ತಾಸು ತಡೀರಿ ಸರ್” ಎಂದಳು ಶುಭಾಂಗಿ. ಅವರು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ.

ಮೊದಮೊದಲು ನಾಲ್ಕೂ ಕಪ್ಪು. ಆಮೇಲೆ ಮೂರು, ನಾಲ್ಕು, ಆರು ಬೆಲ್ಟಿನ ಬಣ್ಣಕ್ಕೇ ಕೂಡಿಕೊಂಡವು. ಅವು ಸರಿಯಾಗಿದ್ದವು. ಐದನೆಯದು ಒಂದೊಂದು ಸುತ್ತಿಗೂ ತಿಳಿಯಾಗುತ್ತ ಹೋಯಿತು, ಹದಿಮೂರನೆಯ ಸುತ್ತಿಗೆ ಬೆಳ್ಳಗೆ ಗೆರೆ ಎಳೆದಂತೆ ನಿಂತಿತು. ಗೇಣುದ್ದ ಅಲ್ಲ, ಮೊಳದುದ್ದ. ನಾನು ಬಣ್ಣ ಬಳಿದಾಗ ಗೇಣೇ ಇತ್ತು. “ಬಾಜೂದ್ದಕ್ಕಿಂತ ಒಂಬತ್ತು ಡಿಗ್ರಿ ಜಾಸ್ತಿ” ಎಂದಳು.

ಸಾಹೇಬರು ಮೂರು ಸುತ್ತು ನೋಡಿದರು. ತಾವೇ ಹೋಗಿ ದೋರಿ ಜಗ್ಗಿದರು.

ಅಂಚು ಕೊಯ್ದು ನೋಡಿದರು. ರಬ್ಬರಿನ ಒಳಗೆ ಬಟ್ಟೆಯ ಐದು ಪದರ ಇರುತ್ತವೆ. ನಾಲ್ಕು ಹರಿದಿದ್ದವು. ಅಲ್ಲವ್ವ ಅದನ್ನು ನೋಡಿ ತನ್ನ ಬುಟ್ಟಿಯನ್ನು ಬೆಲ್ಟಿನ ಕೆಳಗಿನಿಂದ ಎಳೆದುಕೊಂಡಳು. ಕಾಕಾ ಉಳಿದ ಒಂದು ಪದರವನ್ನು ಬೆರಳಿನಿಂದ ಸವರಿದ, “ಇದಾ ನೋಡು, ನಾ ಕೈ ಇಡು ಅಂದದ್ದು” ಎಂದ.

“ಈ ಬಣ್ಣಾ ಹಚ್ಚಿದ್ದು ಯಾರು?” ಎಂದರು ಸಾಹೇಬರು.

“ನಾನರಿ.”

13 ಜನವರಿ, ಶುಕ್ರವಾರ

ಬೆಲ್ಟು ಕೊಯ್ದು ಜೋಡಿಸಲು ಒಂಬತ್ತು ತಾಸು ಹಿಡಿಯಿತಂತೆ. ಅದಕ್ಕೆ ಕಾರಣ ಲಿಖಿತವಾಗಿ ಕೊಡಬೇಕು ಎಂದರು.

“ಯಾರು ಹಚ್ಯಾರೋ ಗೊತ್ತಿಲ್ಲ ಅಂತ ಬರಿ. ಹಂಗಾಮಿಗೆ ಮೊದಲ ಹಚ್ಚಿದ್ದು ಅಂತ ನಾನೂ ಹೇಳತೇನಿ” ಎಂದ ಕಾಕಾ. ಕಾಯಂ ಪಟ್ಟಿ ಅವನ ತಲೆಯಲ್ಲಿತ್ತು. ನನ್ನ ತಲೆಯಲ್ಲೂ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದದ್ದು ನೆನಪಾಯಿತು.

ಬರೆದದ್ದು ಇದು: ‘ದಿನಾ ಸುಣ್ಣ ಹಚ್ಚಲು ಬೇಸತ್ತು ನಾನು ಬೆಳ್ಳಿ ಬಣ್ಣ ಹಚ್ಚಿದೆ. ಲಕ್ಕಪ್ಪ ಬೇಡ ಎಂದಿದ್ದ. ಆಮೇಲೆ ಬಿರುಕು ಬೆಳೆದದ್ದನ್ನು ನಾನು ನೋಡಲಿಲ್ಲ.’

ಸಾಹೇಬರು ಎರಡು ಸಲ ಓದಿದರು. “ಹೆಸರು ಪಟ್ಟಿಯಿಂದ ತಗೀಬೇಕಾಗತೈತಿ. ಗೊತ್ತೈತಿಲ್ಲೋ?”

“ಗೊತ್ತೈತ್ರಿ.”

“ನಾಳೆಯಿಂದ ಬರತೀಯೋ ಇಲ್ಲೋ?”

“ಮೂರು ಗುರುತು ಒರಸೂದು ಇನ್ನಾ ಉಳದೈತ್ರಿ” ಎಂದೆ.

ಶುಭಾಂಗಿ ಹೋಗುವಾಗ ಭೆಟ್ಟಿಯಾದಳು. ವರದಿ ಮತ್ತೆ ಬರೆಯುತ್ತಾಳಂತೆ, ಮೊದಲನೆಯದು ತಪ್ಪು ಎಂಬುದನ್ನೂ ಸೇರಿಸಿ. “ಬಣ್ಣದ ಮಾತು ಪುಸ್ತಕದಾಗ ಓದಿದ್ದೆರಿ. ಪರೀಕ್ಷಾದಾಗ ಬರದೂ ಬಂದಿದ್ದೆ. ಇಲ್ಲಿ ಕಣ್ಣಮುಂದ ಇದ್ರೂ ನೆನಪಾಗಲಿಲ್ಲ” ಎಂದಳು. ನನ್ನ ಪೂರ್ತಿ ಹೆಸರು ಕೇಳಿದಳು. ಕಾಕಾನ ಹೆಸರು ಮೊದಲು ಬರೆಯಿರಿ ಎಂದೆ.

20 ಜನವರಿ, ಶುಕ್ರವಾರ

ತೊಳೆಯಲು ಮಿಲ್ಲು ನಿಲ್ಲಿಸಿದರು. ಉಳಿದ ಮೂರೂ ಒರೆಸಿದೆ. ಐದನೆಯದು ಕೊಯ್ದು ಹೋಗಿದೆ, ಈಗ ಆರು ಕಡೆ ಸುಣ್ಣ. ಎರಡನೆಯದರ ಹತ್ತಿರ ಕೈ ಇಟ್ಟಾಗ ಬೆಚ್ಚಗೆ ಅನ್ನಿಸಿತು. ಕಾಕಾನನ್ನು ಕರೆದೆ. ಅವನೂ ಇಟ್ಟ. “ಹೌದು” ಎಂದ. ನನಗೆ ನಿಜಕ್ಕೂ ಅನ್ನಿಸಿತೋ ಅಥವಾ ಅನ್ನಿಸಲಿ ಎಂದು ಅನ್ನಿಸಿತೋ, ಇನ್ನೂ ಖಾತ್ರಿ ಇಲ್ಲ.

ಹೋದ ರವಿವಾರ ಅವ್ವನಿಗೆ ಪಟ್ಟಿಯ ವಿಷಯ ಹೇಳಿ ಬಂದಿದ್ದೆ. ಎರಡು ದಿನ ಮಾತು ಬಿಟ್ಟಿದ್ದಳು. ಈಗ ಬುತ್ತಿ ಕಳಿಸಿದ್ದಾಳೆ.

30 ಜನವರಿ, ಸೋಮವಾರ

ಹೋದ ವಾರದಿಂದ ಪಾಳಿ ಪುಸ್ತಕದಲ್ಲಿ ಹೀಗೆ ಬರೆಯುತ್ತಿದ್ದೇನೆ: ‘ಆರು ಗುರುತು. ಎರಡನೆಯದು ಒಂದು ಬೆರಳು ಬೆಳೆದಿದೆ. ಉಳಿದವು ಇದ್ದಂತೆ ಇವೆ.’ ನನ್ನ ನಂತರದ ಪಾಳಿಯ ಸತ್ತೆಪ್ಪ ಮೊದಲ ದಿನ, “ಏನೋ ಇದು, ಕಾದಂಬರಿ ಬರದಿ?” ಎಂದು ರೇಗಿಸಿದ. ಇವತ್ತು ತೆರೆದು ನೋಡಿದರೆ ನನ್ನ ಸಾಲಿನ ಕೆಳಗೆ ಅವನ ಕೋಳಿಕಾಲಿನ ಅಕ್ಷರ: ‘ಎರಡನೆಯದು ಬ್ಯಾಟರಿ ಹಾಕಿ ನೋಡಿದೆ. ಅಷ್ಟೇ ಇದೆ.’

ಅಲ್ಲವ್ವ ಕೇಳಿದಳು, “ಕೊಲ್ಲಾಪುರಕ್ಕ ಹೋಗತೇನಿ ಅಂತಿದ್ದಿ, ಬಸ್ಸಿನ್ಯಾಗ ಜಾಗಾ ಸಿಗಲಿಲ್ಲೇನು?”

“ಸುಮ್ಮನ ಸರಕೊಂಡು ಕುಂಡ್ರ ಬೇ, ಎರಡನೇದ್ದು ಬರೂ ಹೊತ್ತಾತು” ಎಂದೆ.

ಇಲ್ಲಿ ಬರೆಯಲು ಕುಳಿತು ನೋಡಿದರೆ ಪಾಳಿ ಪುಸ್ತಕದಲ್ಲಿ ಬರೆದದ್ದನ್ನೇ ಬರೆಯುತ್ತಿದ್ದೇನೆ. ಒಂದೇ ಮಾತನ್ನು ಎರಡು ಕಡೆ ಬರೆಯುವುದು ಬೇಸರದ ಕೆಲಸ.

ಸುಣ್ಣ ತೀರಿದೆ. ನಾಳೆ ಕೊಣ್ಣೂರಿನಿಂದ ತರಬೇಕು.